ಕೋಲಾರದಲ್ಲಿದ್ದುಕೊಂಡು ಮರೆವಿನ ಕಾಯಿಲೆಯ ಸಂಶೋಧನೆಗೆ ಇಳಿಯಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೋಲಾರದ ಮನೆಯಲ್ಲಿದ್ದೀರಿ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಸಂಶೋಧನೆಗೆ ಬರಬೇಕೆಂಬ ಆಸೆ ಇದೆ, ಮನೆಯವರು ಬಿ.ಎಡ್. ಮಾಡು ಎನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡುವುದು, ಯಾವ ಫೆಲೋಶಿಪ್‌ಗಳಿವೆ, ಇದರಲ್ಲಿ ಹೊಟ್ಟೆ ತುಂಬುತ್ತದೆಯೇ?

ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ತುಂಬುತ್ತದೆ, ಆದರೆ ಊಟದ ಹೊತ್ತಿಗೆ ಸರಿಯಾಗಿ ಅಲ್ಲ. ಅದರ ವಿವರಕ್ಕೆ ಆಮೇಲೆ ಬರುತ್ತೇನೆ.

ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಿಂದ ಬಂದವಳು. ಎಂ.ಎಸ್ಸಿ. ಆದ ಮೇಲೆ ಮೂರು ವರ್ಷ ಒಂದು ಯೋಜನೆಯಲ್ಲಿ ಮಾಹಿತಿ ಸಂಗ್ರಹಿಸುತ್ತ ಹಳ್ಳಿ ತಿರುಗಿದೆ. ಈಗ ಪಿಎಚ್‌ಡಿಯ ನಾಲ್ಕನೇ ವರ್ಷ. ಅಜ್ಜಿಗೆ ಮರೆವು ಬಂತು, ಆ ನೋವೇ ನನ್ನನ್ನು ಇಲ್ಲಿಗೆ ಕರೆತಂದಿತು ಎಂಬ ಕಥೆ ನನ್ನ ಬಳಿ ಇಲ್ಲ. ನಮ್ಮಜ್ಜಿ ತೊಂಬತ್ತರ ಹತ್ತಿರ ಬಂದರೂ ಊರಿನಲ್ಲಿ ಯಾರು ಎಷ್ಟು ಬಡ್ಡಿ ಬಾಕಿ ಉಳಿಸಿಕೊಂಡಿದ್ದಾರೆ ಎಂದು ಪೈಸೆ ಸಮೇತ ಹೇಳುತ್ತಿದ್ದರು. ಕೆಲಸ ಖಾಲಿ ಇತ್ತು. ಸಂದರ್ಶನದಲ್ಲಿ ತೆಲುಗು ಬರುತ್ತದೆಯೇ ಎಂದು ಕೇಳಿದರು, ಬರುತ್ತದೆ ಎಂದೆ, ಸೇರಿಸಿಕೊಂಡರು. (ಅರ್ಜಿಯ ಮೊದಲ ಪ್ಯಾರಾದಲ್ಲಿ ಅಜ್ಜಿಯ ಕಥೆ ಬರೆಯುವವರೇ ಹೆಚ್ಚು. ಆಯ್ಕೆ ಸಮಿತಿಯವರು ಎರಡನೇ ಪ್ಯಾರಾದಿಂದ ಓದಲು ಶುರು ಮಾಡುತ್ತಾರೆ ಎಂಬುದು ನನ್ನ ಗುಮಾನಿ.)

ತೆಲುಗು ಬರುತ್ತದೆಯೇ ಎಂಬ ಆ ಒಂದು ಪ್ರಶ್ನೆಯ ಬೆಲೆ ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ನಿಮಗೆ ಅಷ್ಟು ಕಾಲ ಹಿಡಿಯಬಾರದೆಂದು ಬರೆಯುತ್ತಿದ್ದೇನೆ.

ನೀವು ಬೆಂಗಳೂರಿನ ಕಡೆ ಮುಖ ಮಾಡಿ ಕುಳಿತಿದ್ದೀರಿ. ಬೆಂಗಳೂರು 2018ರಿಂದಲೇ ನಿಮ್ಮ ಜಿಲ್ಲೆಯ ಕಡೆ ಮುಖ ಮಾಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್‌ನವರು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ, ಇನ್ನೂ ಡಿಮೆನ್ಷಿಯಾ ಬಾರದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಗುರಿ ಇಟ್ಟುಕೊಂಡು ಅಧ್ಯಯನ ನಡೆಸುತ್ತಿದ್ದಾರೆ. ಹೆಸರು ಸ್ಯಾನ್ಸ್‌ಕಾಗ್. ಆ ಹೆಸರಿನ ಮೊದಲ ಅಕ್ಷರವೇ ಶ್ರೀನಿವಾಸಪುರದ್ದು. ರಕ್ತ, ವಂಶವಾಹಿ, ಮೆದುಳಿನ ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವೂ ಅದರಲ್ಲಿವೆ. ಇಂಥ ದೀರ್ಘಾವಧಿ ಅಧ್ಯಯನಗಳು ಹೆಚ್ಚಾಗಿ ಪಾಶ್ಚಾತ್ಯ ನಗರಗಳ, ಓದಿದ ಜನರ ಮೇಲೆ ನಡೆದಿವೆ. ಮಾವಿನ ತೋಪು, ಟೊಮೆಟೊ ತೋಟಗಳ ನಡುವೆ ನಡೆಯುವ ಇಂಥದ್ದು ತೀರಾ ಅಪರೂಪ. ನಾನು ಆ ಯೋಜನೆಯವಳಲ್ಲ. ಅದೇ ಸೀಮೆಯಲ್ಲಿ ನಡೆದ ಬೇರೊಂದು ಚಿಕ್ಕ ಯೋಜನೆಯಲ್ಲಿದ್ದೆ. ಆದರೂ ಕೋಲಾರದವರು ಡಿಮೆನ್ಷಿಯಾ ಸಂಶೋಧನೆ ಎಲ್ಲಿದೆ ಎಂದು ಕೇಳಿದಾಗಲೆಲ್ಲ ನನಗೆ ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದವರ ನೆನಪಾಗುತ್ತದೆ.

ಈಗ ತೆಲುಗಿನ ವಿಷಯ. ಶ್ರೀನಿವಾಸಪುರದ ಒಂದು ಮನೆ. ಅಜ್ಜಿಗೆ ಎಪ್ಪತ್ತರ ಮೇಲೆ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಳಗೆ ರೇಷ್ಮೆ ಹುಳುವಿನ ತಟ್ಟೆಗಳು, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಒಪ್ಪಿಗೆ ಪತ್ರ ಓದಿ ಹೇಳಿ ಸ್ಟಾಂಪ್ ಪ್ಯಾಡ್ ಮುಂದಿಟ್ಟೆ. ಅವರು ಹೆಬ್ಬೆಟ್ಟನ್ನು ಎತ್ತಿ ಹಿಡಿದು, "ಏನಮ್ಮಾಯಿ, ಇದು ಜಮೀನಿನ ಪತ್ರ ಅಲ್ಲ ತಾನೇ?" ಎಂದು ತೆಲುಗಿನಲ್ಲಿ ಕೇಳಿದರು. ಅಲ್ಲ ಎಂದು ಮೂರು ಸಲ ಹೇಳಬೇಕಾಯಿತು. ಪಕ್ಕದ ಮನೆಯ, ಓದು ಬಲ್ಲ ಹುಡುಗನನ್ನು ಸಾಕ್ಷಿಗೆ ಕೂರಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಓದು ಬರದವರ ಒಪ್ಪಿಗೆಗೆ ಯೋಜನೆಗೆ ಸಂಬಂಧಪಡದ ಸಾಕ್ಷಿ ಬೇಕು. ಅಜ್ಜಿ ಒತ್ತಿದರು, ಒತ್ತಿದ ಕೂಡಲೇ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು.

ಇವತ್ತು ಯಾವ ತಾರೀಖು ಎಂದು ಕೇಳಿದೆ. "ಏಕಾದಶಿಗೆ ಇನ್ನೆರಡು ದಿನ" ಎಂದರು. ಗೋಡೆಯ ಕ್ಯಾಲೆಂಡರ್ ನೋಡಿದೆ, ಸರಿಯಾಗಿತ್ತು. ನನ್ನ ನಮೂನೆಯಲ್ಲಿ ಅದಕ್ಕೆ ಸೊನ್ನೆ.

ಆಮೇಲೆ, ಒಂದು ನಿಮಿಷದಲ್ಲಿ ಗೊತ್ತಿರುವ ಪ್ರಾಣಿಗಳ ಹೆಸರನ್ನೆಲ್ಲ ಹೇಳಿ ಎಂದೆ. ಹಸು, ಆವು, ಎಮ್ಮೆ, ಎನುಮು, ಎತ್ತು, ಹೋರಿ, ಕಡಸು, ಕರು, ದೂಡ, ಕುರಿ, ಮೇಕೆ. ನಿಂತರು. ಕಣ್ಣು ಒಳಮನೆಯ ಕಡೆ ಹೋಯಿತು. "ರೇಷ್ಮೆ ಹುಳ" ಎಂದರು. ಹೊತ್ತು ಮುಗಿಯಿತು.

ಎಷ್ಟು ಅಂಕ? ಬಾಯಿಂದ ಬಂದ ಪದಗಳು ಹನ್ನೆರಡು. ಹಸು ಮತ್ತು ಆವು ಒಂದೇ, ಎಮ್ಮೆ ಮತ್ತು ಎನುಮು ಒಂದೇ, ಕರು ಮತ್ತು ದೂಡ ಒಂದೇ ಎಂದರೆ ಒಂಬತ್ತು. ದನದ ಜಾತಿಯನ್ನೆಲ್ಲ ಒಂದೇ ಪ್ರಾಣಿ ಎಂದು ಕೂಡಿಸಿದರೆ ಐದು. ಹನ್ನೆರಡಾದರೆ ಅಜ್ಜಿ ಚೆನ್ನಾಗಿದ್ದಾರೆ, ಐದಾದರೆ ಆಸ್ಪತ್ರೆಗೆ ಕಳುಹಿಸಬೇಕು. ಅಜ್ಜಿ ಅವರೇ, ಕುಳಿತ ಜಗುಲಿಯೂ ಅದೇ. ನಾವು ಒಂಬತ್ತು ಹಾಕಿದೆವು. ಒಂಬತ್ತೇ ಸತ್ಯ ಎಂದೇನಲ್ಲ. ಎರಡು ಭಾಷೆಯ ಹೆಸರು ಬಂದರೆ ಒಂದೇ ಎಣಿಕೆ, ವಯಸ್ಸು ಲಿಂಗಕ್ಕೆ ಬೇರೆ ಹೆಸರಿದ್ದರೆ ಬೇರೆ ಎಣಿಕೆ ಎಂದು ಹಳ್ಳಿಗೆ ಹೋಗುವ ಮೊದಲೇ ಬರೆದಿಟ್ಟುಕೊಂಡಿದ್ದೆವು. ಹಾಗೆ ಬರೆದಿಡಬೇಕು ಎಂದು ಹೊಳೆಯಬೇಕಾದರೆ ಆವು ಎಂದರೆ ಹಸು ಎಂದು ಗೊತ್ತಿರುವವರು ತಂಡದಲ್ಲಿರಬೇಕು. ಅಂಕಿ ಅಂಶ ಬಲ್ಲವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಇದು ಬಲ್ಲವರು ಸಿಗುವುದಿಲ್ಲ.

ನಿಮ್ಮ ಬಂಡವಾಳ ಅದೇ. ಅದರ ಮೇಲೆ ಒಳ್ಳೆಯ ವಿಜ್ಞಾನವನ್ನೂ ಕಟ್ಟಬಹುದು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿಯವರು (ಈಗ ನಿಮ್ಹಾನ್ಸ್‌ನಲ್ಲಿದ್ದಾರೆ) 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಹಾಗೆಯೇ. ಕೋಲಾರದಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕೆಜಿಎಫ್ ಕಡೆ ತಮಿಳು, ಪೇಟೆಯಲ್ಲಿ ಉರ್ದು. ಒಂದೇ ಭಾಷೆಯವರನ್ನು ಹುಡುಕುವುದೇ ಇಲ್ಲಿ ಕಷ್ಟ! ಆ ಕಷ್ಟದಲ್ಲೇ ಒಂದು ಪಿಎಚ್‌ಡಿ ಅಡಗಿದೆ ಎಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ, ಬೇಕಾದರೆ ತೆಗೆದುಕೊಳ್ಳಿ.

ಇನ್ನು ಮಗ, ಸೊಸೆಯರ ವಿಷಯ. ಡಿಮೆನ್ಷಿಯಾ ಎಷ್ಟು ಮುಂದುವರಿದಿದೆ ಎಂದು ಅಳೆಯುವ ಸಿಡಿಆರ್ ಎಂಬ ಸಂದರ್ಶನವಿದೆ. ಅದರಲ್ಲಿ ರೋಗಿಯನ್ನು ಮಾತ್ರವಲ್ಲ, ಮನೆಯವರನ್ನೂ ಕೇಳಬೇಕು: ಹಣದ ವ್ಯವಹಾರ ಹೇಗೆ, ಮನೆಗೆಲಸ ಹೇಗೆ, ತಮ್ಮ ಸ್ನಾನ, ಉಡುಗೆ ತಾವೇ ನೋಡಿಕೊಳ್ಳುತ್ತಾರೆಯೇ? ಯಜಮಾನಿಕೆ ಬಿಟ್ಟುಕೊಟ್ಟ ಅಜ್ಜಿ ಹಣ ಮುಟ್ಟಿ ಹತ್ತು ವರ್ಷವಾಗಿರುತ್ತದೆ. ಆಗದೆ ಬಿಟ್ಟರೋ, ಬೇಡವೆಂದು ಬಿಟ್ಟರೋ? ಮಗನನ್ನು ಕೇಳಿದರೆ "ನಮ್ಮಮ್ಮನಿಗೆ ಏನೂ ಆಗಿಲ್ಲ" ಎಂದು ಬಿಡುತ್ತಾನೆ. ಸೊಸೆ ಅವನ ಮುಂದೆ ನೆಲ ನೋಡುತ್ತಾಳೆ. ನೀವು ಹೊರಟು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದಾಗ ಹಿಂದೆಯೇ ಬಂದು, "ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ ಅಕ್ಕಾ, ನಾನು ಹಾಕಿದ್ದೆಂದು ನನ್ನನ್ನೇ ಬೈಯುತ್ತಾರೆ" ಎನ್ನುತ್ತಾಳೆ. ಆ ಮಾತೇ ರೋಗದ ಮೊದಲ ಸುಳಿವು. ಮನೆಯೊಳಗೆ ಅದಕ್ಕೆ ಅರಳುಮರಳು ಎಂದೋ ಛಾದಸ್ತಂ ಎಂದೋ ಹೆಸರು, ರೋಗವೆಂದು ಯಾರೂ ಎನ್ನುವುದಿಲ್ಲ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮ ಜನಕ್ಕೆ ಮಾಡಿದಷ್ಟು ಕೇಡನ್ನು ಯಾವ ವೈರಿಯೂ ಮಾಡಿಲ್ಲ.

ಕಲಿಯಬೇಕಾದ ಉಪಕರಣಗಳಿಗೆ ಬರೋಣ. ಐಸಿಎಂಆರ್ ನ್ಯೂರೋ ಕಾಗ್ನಿಟಿವ್ ಟೂಲ್ ಬಾಕ್ಸ್ ಎಂಬ ಪರೀಕ್ಷೆಗಳ ಗಂಟು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದು ಭಾಷೆಗಳಲ್ಲಿ ಸಿದ್ಧವಾಗಿದೆ. ಐದರಲ್ಲಿ ಎರಡು ನಿಮ್ಮ ಬಾಯಲ್ಲೇ ಇವೆ. ಓದು ಬಾರದವರಿಗಾಗಿ ಹರಿಯಾಣದ ಬಲ್ಲಭಗಢದಲ್ಲಿ ರೂಪಿಸಿದ ಹಿಂದಿ ಪರೀಕ್ಷೆಯನ್ನೂ ಒಮ್ಮೆ ನೋಡಿ. ಇಂಗ್ಲಿಷ್ ಮೂಲದಲ್ಲಿ "ಕಣ್ಣು ಮುಚ್ಚಿ" ಎಂಬ ಬರಹವನ್ನು ಓದಿ ಹಾಗೆ ಮಾಡಬೇಕಿತ್ತು. ಅಲ್ಲಿ ಅದನ್ನು "ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ" ಎಂದು ಬದಲಾಯಿಸಿದರು. ಇಷ್ಟು ಸಣ್ಣ ತಿದ್ದುಪಡಿಯ ಹಿಂದೆ ಎಷ್ಟು ಯೋಚನೆಯಿದೆ ಎಂಬುದು ನಾಲ್ಕು ಜಗುಲಿಗಳ ಮೇಲೆ ಕುಳಿತು ಬಂದ ಮೇಲೆ ತಿಳಿಯುತ್ತದೆ.

ಕೆಲಸ ಸಿಗುವವರೆಗೆ ಮನೆಯಲ್ಲೇ ಕುಳಿತು ಮಾಡಬಹುದಾದದ್ದು ಒಂದಿದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಲಾಸಿ ಎಂಬ ರಾಷ್ಟ್ರೀಯ ಸಮೀಕ್ಷೆ 45 ದಾಟಿದ 72,000ಕ್ಕೂ ಹೆಚ್ಚು ಭಾರತೀಯರನ್ನು ಒಳಗೊಂಡಿದೆ. ಅದರ ಕವಲಾದ ಲಾಸಿ-ಡ್ಯಾಡ್ ಡಿಮೆನ್ಷಿಯಾ ಮೇಲೆಯೇ ನಡೆದದ್ದು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬ ಲೆಕ್ಕ ಬಂದದ್ದು ಅಲ್ಲಿಂದಲೇ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು ಎಂದೂ ಅದೇ ಹೇಳಿತು. ಹೆಸರು ನೋಂದಾಯಿಸಿ ಈ ದತ್ತಾಂಶ ಪಡೆಯಬಹುದು. ಅಂಕಿ ಅಂಶ ಲೆಕ್ಕ ಹಾಕುವ ಆರ್ ಎಂಬ ತಂತ್ರಾಂಶವೂ ಉಚಿತ. ಆರು ತಿಂಗಳು ಕುಳಿತು ಒಂದೇ ಒಂದು ಪ್ರಶ್ನೆಗೆ ಉತ್ತರ ತೆಗೆದು ನೋಡಿ. ಸಂದರ್ಶನದಲ್ಲಿ ಪ್ರಮಾಣಪತ್ರಗಳ ಕಡತಕ್ಕಿಂತ ಆ ಒಂದು ನಕ್ಷೆ ಹೆಚ್ಚು ಮಾತನಾಡುತ್ತದೆ. ಓದಲು ನಿಯತಕಾಲಿಕಗಳು ಬೇಕಲ್ಲ ಎನ್ನುತ್ತೀರಿ. 2025ರ ಜನವರಿಯಿಂದ ಜಾರಿಗೆ ಬಂದಿರುವ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್‌ನಲ್ಲಿ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ನೀವು ಓದಿದ ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಹೋಗಿ ಕಾಡಿ.

ಆದರೆ ದತ್ತಾಂಶದಲ್ಲಿ ಕಾಣದ ಒಂದು ಸಂಗತಿ ಹೇಳಿಬಿಡುತ್ತೇನೆ. ಎರಡನೇ ಸುತ್ತಿನ ಭೇಟಿಗೆ ನಾವು ಜೂನ್ ಆಯ್ದುಕೊಂಡೆವು. ಮಾವಿನ ಸುಗ್ಗಿ. ಮನೆಗಳಿಗೆ ಬೀಗ, ಎಲ್ಲರೂ ತೋಪಿನಲ್ಲಿ ಅಥವಾ ಮಂಡಿಯಲ್ಲಿ. ಮನೆಯಲ್ಲಿ ಸಿಕ್ಕವರು ಯಾರು? ಕೈಲಾಗದವರು. ಹಾಗೆಯೇ ಬಿಟ್ಟಿದ್ದರೆ ಒಂದೇ ವರ್ಷದಲ್ಲಿ ಊರಿಗೆ ಊರೇ ಮರೆವಿಗೆ ಬಿತ್ತು ಎಂದು ವರದಿ ಬರೆಯುತ್ತಿದ್ದೆವು. ಶಿಬಿರಕ್ಕೆ ಬನ್ನಿ ಎಂದು ಕರೆದರೆ ಇದೇ ತಿರುವುಮುರುವು: ನಡೆಯಬಲ್ಲ ಗಟ್ಟಿಗರು ಬರುತ್ತಾರೆ, ಮರೆವಿನವರು ಮನೆಯಲ್ಲೇ ಉಳಿಯುತ್ತಾರೆ. ಯಾರು ಬಂದರು ಎಂಬುದಕ್ಕಿಂತ ಯಾರು ಬರಲಿಲ್ಲ, ಏಕೆ ಎಂದು ಬರೆದಿಡುವ ಪುಸ್ತಕ ನನ್ನ ಪಿಎಚ್‌ಡಿಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು.

ಕ್ಷೇತ್ರದ ಸುದ್ದಿ ಚುಟುಕಾಗಿ. ಡಿಮೆನ್ಷಿಯಾದ ಮುಖ್ಯ ಬಗೆಯಾದ ಆಲ್ಝೈಮರ್ ಕಾಯಿಲೆಗೆ ಅಮೆರಿಕದಲ್ಲಿ ಲೆಕಾನೆಮ್ಯಾಬ್‌ಗೆ 2023ರ ಜುಲೈನಲ್ಲಿ, ಡೊನಾನೆಮ್ಯಾಬ್‌ಗೆ 2024ರ ಜುಲೈನಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಇವು ಕಾಯಿಲೆಯ ಓಟವನ್ನು ಸ್ವಲ್ಪ ನಿಧಾನಿಸುವ ಔಷಧಗಳು, ಗುಣಪಡಿಸುವಂಥವಲ್ಲ. 2025ರ ಮೇ ತಿಂಗಳಲ್ಲಿ ಆಲ್ಝೈಮರ್‌ಗೆ ಮೊದಲ ರಕ್ತ ಪರೀಕ್ಷೆಯೂ ಅಲ್ಲಿ ಒಪ್ಪಿಗೆ ಪಡೆಯಿತು. ಪಿ-ಟೌ 217 ಎಂಬ ಪ್ರೋಟೀನು ಅದರ ಒಂದು ಆಧಾರ. ನನ್ನ ಮಟ್ಟಿಗೆ ಔಷಧಕ್ಕಿಂತ ಈ ಪರೀಕ್ಷೆಯೇ ದೊಡ್ಡ ಸುದ್ದಿ. ಮೆದುಳಿನ ಒಳಗನ್ನು ತೋರಿಸುವ ಪೆಟ್ ಸ್ಕ್ಯಾನ್ ಹಳ್ಳಿಗೆ ಬರಲಾರದು, ರಕ್ತ ಹಳ್ಳಿಯಿಂದ ಹೋಗಬಹುದು. ಆದರೆ ಮೂತ್ರಪಿಂಡದ ತೊಂದರೆ ಇರುವವರಲ್ಲಿ ಆ ಪ್ರೋಟೀನು ಬೇರೆ ಕಾರಣಕ್ಕೇ ಏರಿರಬಹುದು, ಆದ್ದರಿಂದ ನಮ್ಮ ಜನಕ್ಕೆ ಯಾವ ಮಟ್ಟ ಸರಿ ಎಂದು ಇಲ್ಲೇ ಅಳೆಯಬೇಕು. ಇನ್ನೊಂದು, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗದ 2024ರ ವರದಿ. ತಡೆಯಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ ಸುಮಾರು ಶೇ 45ರಷ್ಟು ಡಿಮೆನ್ಷಿಯಾ ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದಿತು. ಕಡಿಮೆ ಓದು, ಕಿವುಡು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಳೆಯ ಪಟ್ಟಿಯಲ್ಲೇ ಇದ್ದವು. ಚಿಕಿತ್ಸೆ ಕಾಣದ ದೃಷ್ಟಿದೋಷ ಮತ್ತು ಕೆಟ್ಟ ಕೊಲೆಸ್ಟರಾಲ್ ಹೊಸದಾಗಿ ಸೇರಿದವು. ಕಣ್ಣಿನ ಪೊರೆ ತೆಗೆಸದ ಅಜ್ಜಿಯರು ಪ್ರತಿ ಬೀದಿಯಲ್ಲೂ ಇರುವ ನಾಡಿನಲ್ಲಿ ಇದನ್ನು ಓದಿ ಸುಮ್ಮನಿರುವುದು ಹೇಗೆ?

ಹತ್ತಿರದ ಸುದ್ದಿಯೂ ಇದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರ ಜನವರಿಯಲ್ಲಿ ಶುರು ಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಪ್ರಾಯೋಗಿಕವಾಗಿ ಮೊದಲು ಕಾಲಿಟ್ಟ ಜಾಗಗಳಲ್ಲಿ ಬೆಂಗಳೂರಿನ ಜಯನಗರದ ಜೊತೆಗೆ ಕೋಲಾರ, ಚಿಕ್ಕಬಳ್ಳಾಪುರ ಇವೆ. ಮೊದಲು ನಿಮ್ಮೂರಿನ ಎಸ್.ಎನ್.ಆರ್. ಆಸ್ಪತ್ರೆಗೆ ಹೋಗಿ ಮಿದುಳು ಆರೋಗ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ, ಅನುಮತಿ ಕೇಳಿ ನಾಲ್ಕು ವಾರ ಮೂಲೆಯಲ್ಲಿ ಕುಳಿತು ನೋಡಿ. ಪಿಎಚ್‌ಡಿಗೆ ಮನೆ ಬಿಡಲಾಗದು ಎಂದಾದರೆ ಟಮಕದ ದೇವರಾಜ ಅರಸು ಸಂಸ್ಥೆಯ ವೈದ್ಯಕೀಯ ವಿಭಾಗಗಳಲ್ಲಿ ಮಾರ್ಗದರ್ಶಕರು ಸಿಗುತ್ತಾರೆಯೇ ಎಂದು ವಿಚಾರಿಸಬಹುದು. ನಿಮ್ಹಾನ್ಸ್‌ಗೆ ಪ್ರವೇಶದ ನಿಯಮಗಳೇನು ಎಂದು ಮೊದಲೇ ತಿಳಿದುಕೊಳ್ಳಿ.

ಈಗ ದುಡ್ಡು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನೆಟ್ ಪರೀಕ್ಷೆ ಬರೆಯಿರಿ. ಜೆಆರ್‌ಎಫ್ ಎಂಬ ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಅದರ ಹಿರಿಯ ಹಂತವಾದ ಎಸ್‌ಆರ್‌ಎಫ್ ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. 2024ರ ಜೂನ್‌ನಿಂದ ನೆಟ್ ಅಂಕಗಳನ್ನು ಪಿಎಚ್‌ಡಿ ಪ್ರವೇಶಕ್ಕೂ ಬಳಸುತ್ತಾರೆ. ಸಹಾಯಕ ಪ್ರಾಧ್ಯಾಪಕರ ಅರ್ಹತೆಯೂ ಅದರಲ್ಲೇ ಇರುವುದರಿಂದ ಬಿ.ಎಡ್. ವಾದಕ್ಕೆ ಮನೆಯಲ್ಲಿ ಮುಂದಿಡಲು ಒಳ್ಳೆಯ ಉತ್ತರ. ನಾನು ನಮ್ಮ ತಾಯಿಯನ್ನು ಒಪ್ಪಿಸಿದ್ದು ಇದೇ ಮಾತಿನಿಂದ.

ಪಿಎಚ್‌ಡಿ ಕೊನೆಗೆ ಬರುವ ಹೊತ್ತಿಗೆ ನೋಡಬೇಕಾದ ಬಾಗಿಲುಗಳು ಬೇರೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ದತ್ತಿ ಸಂಸ್ಥೆಯಾದ ವೆಲ್‌ಕಮ್ ಟ್ರಸ್ಟ್ ಜೊತೆಗೂಡಿ ನಡೆಸುವ ಇಂಡಿಯಾ ಅಲಯನ್ಸ್‌ನಲ್ಲಿ ಆರಂಭಿಕ ಹಂತದವರಿಗೆಂದೇ ಫೆಲೋಶಿಪ್ ಇದೆ. ಅದರ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2025ರ ಅಕ್ಟೋಬರ್ 1ರಂದು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ, ಅದರಲ್ಲಿ 500 ಕೋಟಿ ವೆಲ್‌ಕಮ್ ಟ್ರಸ್ಟಿನದು. ಕೇಂದ್ರ ಸರ್ಕಾರದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಪಿಎಚ್‌ಡಿ ಆದವರಿಗೆ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಇದೆ. ಅಮೆರಿಕದ ಆಲ್ಝೈಮರ್ಸ್ ಅಸೋಸಿಯೇಷನ್ ಹೊರದೇಶದ ಯುವ ಸಂಶೋಧಕರಿಗೂ ಅನುದಾನ ಕೊಡುತ್ತದೆ, ವರ್ಷಕ್ಕೊಮ್ಮೆ ನಡೆಸುವ ಎಎಐಸಿ ಸಮ್ಮೇಳನಕ್ಕೆ ಪ್ರಯಾಣ ನೆರವನ್ನೂ ಕೊಡುತ್ತದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜು ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ನಡೆಸುವ ಗ್ಲೋಬಲ್ ಬ್ರೇನ್ ಹೆಲ್ತ್ ಇನ್‌ಸ್ಟಿಟ್ಯೂಟ್‌ನ ಅಟ್ಲಾಂಟಿಕ್ ಫೆಲೋ ಆಗಲು ವೈದ್ಯರೇ ಆಗಬೇಕಿಲ್ಲ, ಕಲಾವಿದರನ್ನೂ ತೆಗೆದುಕೊಳ್ಳುತ್ತಾರೆ. ನನಗೆ ಅತಿ ಹೆಚ್ಚು ಆಸೆ ಹುಟ್ಟಿಸಿರುವುದು ಇದೇ.

ಊಟದ ಹೊತ್ತಿಗೆ ಸರಿಯಾಗಿ ಅಲ್ಲ ಎಂದೆನಲ್ಲ, ಅದರ ಕಥೆ: ನನಗೆ ಒಮ್ಮೆ ಐದು ತಿಂಗಳು ಫೆಲೋಶಿಪ್ ಬರಲಿಲ್ಲ. ಕಡತ ಇಲ್ಲಿದೆ, ಅಲ್ಲಿದೆ ಎಂದು ಎರಡು ಕಚೇರಿಗಳು ಒಂದರ ಮೇಲೊಂದು ಹೇಳಿಕೊಂಡವು. ಬಂಗಾರಪೇಟೆ ರೈಲಿನ ಪಾಸ್‌ಗೆ ಅಣ್ಣನ ಹತ್ತಿರ ಕೈಚಾಚಿದೆ, ಇಪ್ಪತ್ತೆಂಟನೇ ವಯಸ್ಸಿನಲ್ಲಿ. ಐದೂ ತಿಂಗಳಿನದು ಒಟ್ಟಿಗೆ ಬಂದ ದಿನ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಆದ್ದರಿಂದ ಸೇರುವ ಮೊದಲು ನಾಲ್ಕು ತಿಂಗಳ ಖರ್ಚು ಕೂಡಿಟ್ಟುಕೊಳ್ಳಿ. ಮಾರ್ಗದರ್ಶಕರನ್ನು ಆರಿಸುವಾಗ ಅವರ ಪ್ರಬಂಧಗಳ ಸಂಖ್ಯೆ ನೋಡಬೇಡಿ; ಅವರ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಹಣ ತಡವಾದಾಗ ಅವರು ನಿಮ್ಮ ಪರವಾಗಿ ಯಾರಿಗಾದರೂ ಪತ್ರ ಬರೆದರೇ? ಹಳ್ಳಿ ತಿರುಗಿದವರ ಹೆಸರು ಪ್ರಬಂಧದಲ್ಲಿ ಹಾಕಿದರೇ? ನನ್ನ ಮೂರು ವರ್ಷದ ತಿರುಗಾಟದಿಂದ ಬಂದ ಮೊದಲ ಪ್ರಬಂಧದಲ್ಲಿ ನನ್ನ ಹೆಸರು ಕೃತಜ್ಞತೆಯ ಸಾಲಿನಲ್ಲಿತ್ತು, ಅದೂ ಕಾಗುಣಿತ ತಪ್ಪಾಗಿ. ಈಗ ಯಾವ ಯೋಜನೆಗೆ ಸೇರಿದರೂ ಲೇಖಕರು ಯಾರು ಎಂಬುದನ್ನು ಮೊದಲ ವಾರವೇ ಇಮೇಲ್‌ನಲ್ಲಿ ಬರೆಸಿಕೊಳ್ಳುತ್ತೇನೆ. ಜಗಳಗಂಟಿ ಎಂದುಕೊಂಡರೆ ಎಂದುಕೊಳ್ಳಲಿ.

ಹಣ ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಎಂದು ಬರುವ ಇಮೇಲ್‌ಗಳನ್ನು ಅಳಿಸಿ. ಒಳ್ಳೆಯ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ತನ್ನ ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರುವರಿಯಲ್ಲಿ ಕೈಬಿಟ್ಟ ಮೇಲೆ ಒಳ್ಳೆಯ ಪತ್ರಿಕೆ ಯಾವುದು ಎಂದು ನಾವೇ ಜರಡಿ ಹಿಡಿಯಬೇಕಾಗಿದೆ.

ಎಸ್.ಎನ್.ಆರ್. ಆಸ್ಪತ್ರೆಗೆ ಹೋಗಿ ಬಂದ ಮೇಲೆ ಏನಾಯಿತು ಎಂದು ಇಲ್ಲೇ ಬರೆಯಿರಿ, ಹಳ್ಳಿಗೆ ಹೊರಡುವ ಹೊತ್ತಿಗೆ ಪ್ರಾಣಿಗಳ ಎಣಿಕೆಗೆ ನಾವು ಮಾಡಿಕೊಂಡ ನಿಯಮಗಳ ಹಾಳೆ ಹಂಚಿಕೊಳ್ಳುತ್ತೇನೆ. ಚೀಲದಲ್ಲಿ ಸ್ಟಾಂಪ್ ಪ್ಯಾಡಿನ ಜೊತೆ ಒಂದು ಒದ್ದೆ ಬಟ್ಟೆಯ ತುಂಡೂ ಇರಲಿ. ಅಜ್ಜಿಯರು ಕೂದಲಿಗೆ ಒರೆಸಿಕೊಳ್ಳುವ ಮೊದಲು ಚಾಚಿ ಕೊಡಿ. ನನಗೆ ಅದು ಹೊಳೆಯಲು ಒಂದು ವರ್ಷ ಬೇಕಾಯಿತು.